ಹಸುಗೂಸಿಗೆ ತಲುಪುವ ಬಿಸಿಜಿ ಕ್ಯಾನ್ಸರ್ ರೋಗಿಗೂ ತಲುಪಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮೂತ್ರಕೋಶದ ಕ್ಯಾನ್ಸರ್ ರೋಗಿಗಳಿಗೆ ಬಿಸಿಜಿ ಲಸಿಕೆ ಚಿಕಿತ್ಸೆ ನಡುವೆ ನಿಲ್ಲದೆ, ಊರಿಗೆ ಸಮೀಪದಲ್ಲೇ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಮೂತ್ರರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿ ಬಹುಕಾಲ ದುಡಿದು ಈಗ ನಿವೃತ್ತಳಾಗಿರುವವಳು ನಾನು. ಮೂತ್ರಕೋಶದ ಕ್ಯಾನ್ಸರ್ ಬಂದವರಿಗೆ ಕ್ಷಯ ತಡೆಯಲೆಂದು ಹುಟ್ಟಿದ ಬಿಸಿಜಿ ಲಸಿಕೆಯನ್ನು ಮೂತ್ರಕೋಶದೊಳಕ್ಕೇ ಹಾಕುವ ಕೆಲಸ ನನ್ನ ಪಾಲಿಗಿತ್ತು. ಆ ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ. ತಮ್ಮ ಕಚೇರಿಗೆ ಬರೆದು ಸುಮ್ಮನಾಗಬಹುದಿತ್ತು. ಆದರೆ ಇಲ್ಲಿರುವ ಮಾತು ತಮಗೆ ತಲುಪಬೇಕಾದಷ್ಟೇ ರೋಗಿಗಳ ಮನೆಯವರಿಗೂ ತಲುಪಬೇಕಾಗಿದೆ. ಆದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕ್ಯಾನ್ಸರ್‌ಗೆ ಲಸಿಕೆ ಬಂತಂತೆ ಎಂಬ ಸುದ್ದಿ ಈಗ ಹಳ್ಳಿ ಹಳ್ಳಿಯ ಮೊಬೈಲಿಗೂ ಮುಟ್ಟಿದೆ. 2024ರ ಡಿಸೆಂಬರಿನಲ್ಲಿ ರಷ್ಯಾದ ಅಧಿಕಾರಿಗಳು ಎಂಆರ್‌ಎನ್‌ಎ (ರೋಗದ ಗುರುತನ್ನು ದೇಹಕ್ಕೆ ಕಲಿಸುವ ಸಂದೇಶ ಒಯ್ಯುವ ಬಗೆಯ) ಕ್ಯಾನ್ಸರ್ ಲಸಿಕೆಯೊಂದನ್ನು ರೂಪಿಸಿದ್ದೇವೆ, ತಮ್ಮ ದೇಶದ ರೋಗಿಗಳಿಗೆ ಉಚಿತವಾಗಿ ಕೊಡುತ್ತೇವೆ ಎಂದು ಹೇಳಿದ ಮೇಲಂತೂ ನನಗೆ ಪರಿಚಯವಿದ್ದ ರೋಗಿಗಳ ಮನೆಗಳಿಂದ ಒಂದೇ ಸಮನೆ ಫೋನ್ ಬರತೊಡಗಿತು. "ಸಿಸ್ಟರ್, ನಮ್ಮ ಮಾವನವರಿಗೆ ಅದು ಆಗುತ್ತದೆಯೇ? ಬೆಂಗಳೂರಿಗೆ ಯಾವಾಗ ಬರುತ್ತದೆ?" ಎಂದು ಒಬ್ಬ ಸೊಸೆ ಕೇಳಿದಳು. ಆ ಮಾವನವರಿಗೆ ಬೇಕಾಗಿದ್ದ ಲಸಿಕೆ ಆಗಲೇ ಇತ್ತು. ನಮ್ಮ ದೇಶದಲ್ಲೇ ತಯಾರಾಗುತ್ತಿತ್ತು. ಆ ತಿಂಗಳು ಅವರಿಗೆ ಅದು ಸಿಕ್ಕಿರಲಿಲ್ಲ.

ಲಸಿಕೆ ಎಂದರೆ ರೋಗ ಬಾರದಂತೆ ತಡೆಯುವುದು ಎಂದೇ ನಮ್ಮ ಜನ ತಿಳಿದಿದ್ದಾರೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ, ಪಿತ್ತಜನಕಾಂಗದ ಕ್ಯಾನ್ಸರಿಗೆ ದಾರಿ ಮಾಡುವ ಹೆಪಟೈಟಿಸ್ ಬಿ ಸೋಂಕನ್ನು ತಡೆಯುವ ಲಸಿಕೆ, ಎರಡೂ ಆ ಬಗೆಯವು. ಇನ್ನೊಂದು ಬಗೆಯಿದೆ. ಕ್ಯಾನ್ಸರ್ ಬಂದ ಮೇಲೆ ರೋಗಿಯ ದೇಹದ ರೋಗನಿರೋಧಕ ಶಕ್ತಿಯನ್ನು ಕೆಣಕಿ, ಅದೇ ಕ್ಯಾನ್ಸರ್ ಕಣಗಳ ಮೇಲೆ ಬೀಳುವಂತೆ ಮಾಡುವುದು. ಈ ಯೋಚನೆ ಬಹಳ ಹಳೆಯದು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲೇ ಗೆಡ್ಡೆಯಿದ್ದ ರೋಗಿಗೆ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿ ನೋಡಿದರು. ಕ್ಷಯವಿದ್ದವರಲ್ಲಿ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದು ಅಮೆರಿಕದ ರೇಮಂಡ್ ಪರ್ಲ್ 1929ರಲ್ಲಿ ಮರಣೋತ್ತರ ಪರೀಕ್ಷೆಗಳ ಆಧಾರದ ಮೇಲೆ ಬರೆದರು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ದನದ ಕ್ಷಯದ ಬ್ಯಾಕ್ಟೀರಿಯಾವನ್ನು 13 ವರ್ಷ ಕಾಲ 230 ಸಲ ಮರುಬೆಳೆಸಿ, ಅದರ ಉಗ್ರತೆ ಇಳಿಸಿ ಮಾಡಿದ ಬಿಸಿಜಿಯನ್ನು 1921ರಲ್ಲಿ ಮೊದಲ ಬಾರಿ ಮಗುವಿಗೆ ಕೊಡಲಾಯಿತು. ನಮ್ಮೆಲ್ಲರ ಎಡ ತೋಳಿನ ಮೇಲಿರುವ ಗುರುತು ಅದರದೇ.

ಆ ಬಿಸಿಜಿಯನ್ನು ಕೆನಡಾದ ಕಿಂಗ್‌ಸ್ಟನ್ ಊರಿನ ಮೂತ್ರರೋಗ ತಜ್ಞ ಆಲ್ವರೊ ಮೊರಾಲೆಸ್ ಮೂತ್ರಕೋಶದೊಳಗೆ ಹಾಕಿ, ಒಂಬತ್ತು ರೋಗಿಗಳ ವಿವರವನ್ನು 1976ರಲ್ಲಿ ಪ್ರಕಟಿಸಿದರು. ವಾರಕ್ಕೊಂದರಂತೆ ಆರು ವಾರ ಎಂಬ ಕ್ರಮ ಆಗಲೇ ಹುಟ್ಟಿತು. ಆರೇ ಏಕೆ ಎಂದು ನಾನು ತರಬೇತಿಯಲ್ಲಿ ಕೇಳಿದ್ದೆ. ಅವರಿಗೆ ಬರುತ್ತಿದ್ದ ಲಸಿಕೆಯ ಪೊಟ್ಟಣದಲ್ಲಿ ಆರು ಸೀಸೆ ಇರುತ್ತಿದ್ದವು, ಅದೇ ಕಾರಣ ಎಂದು ನಮ್ಮ ವೈದ್ಯರು ಹೇಳಿದ್ದರು. ಇಂದಿಗೂ ಜಗತ್ತಿನಾದ್ಯಂತ ಚಿಕಿತ್ಸೆ ಆರಂಭವಾಗುವುದು ಆರು ವಾರಗಳ ಆರು ಡೋಸುಗಳಿಂದಲೇ. 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಪರೀಕ್ಷೆಗೆ ನಿಂತು ಗೆದ್ದ ಚಿಕಿತ್ಸೆ ಇದು. ಹೊಸದಾಗಿ ರುಜುವಾತು ಮಾಡಬೇಕಾದದ್ದು ಏನೂ ಉಳಿದಿಲ್ಲ.

ಯಾರಿಗೆ ಇದು ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂತ್ರಕೋಶದ ಕ್ಯಾನ್ಸರ್ ಪತ್ತೆಯಾದಾಗ ನಾಲ್ಕರಲ್ಲಿ ಮೂರು ಮಂದಿಯಲ್ಲಿ ಅದು ಒಳಪೊರೆಯ ಮಟ್ಟದಲ್ಲೇ ಇರುತ್ತದೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಮೂತ್ರನಾಳದ ಮೂಲಕ ದುರ್ಬೀನು ಹಾಕಿ ಗೆಡ್ಡೆಯನ್ನು ಕೆತ್ತಿ ತೆಗೆಯುತ್ತಾರೆ. ತೆಗೆದರೂ ಮತ್ತೆ ಮತ್ತೆ ಚಿಗುರುವುದು ಈ ರೋಗದ ಸ್ವಭಾವ. ಹಾಗೆ ಚಿಗುರುವ, ಆಳಕ್ಕಿಳಿಯುವ ಅಪಾಯ ಹೆಚ್ಚಿರುವವರಿಗೆ ಬಿಸಿಜಿ ಹಾಕುತ್ತಾರೆ. ಮೊದಲ ಆರು ಡೋಸಿನ ಬಳಿಕ 3, 6, 12, 18, 24, 30, 36ನೇ ತಿಂಗಳುಗಳಲ್ಲಿ ಮೂರು ಮೂರು ವಾರ ಮುಂದುವರಿಸಬೇಕು. ಒಟ್ಟು 27 ಡೋಸು, ಮೂರು ವರ್ಷ. ಡೊನಾಲ್ಡ್ ಲ್ಯಾಮ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲ ಆರಕ್ಕೇ ನಿಲ್ಲಿಸಿದವರಲ್ಲಿ ರೋಗ ಮರುಕಳಿಸದೆ ಇದ್ದ ಅವಧಿಯ ಮಧ್ಯಮಾಂಕ ಸುಮಾರು 36 ತಿಂಗಳು, ಮುಂದುವರಿಸಿದವರಲ್ಲಿ ಸುಮಾರು 77 ತಿಂಗಳು. 24 ಪ್ರಯೋಗಗಳ 4,863 ರೋಗಿಗಳ ವಿವರವನ್ನು ಒಟ್ಟುಗೂಡಿಸಿದ 2002ರ ಯುರೋಪಿನ ವಿಶ್ಲೇಷಣೆಯ ಪ್ರಕಾರ, ಬಿಸಿಜಿಯಿಂದ ರೋಗ ಮುಂದಿನ ಹಂತಕ್ಕೆ ಹೋಗುವ ಸಂಭವ ಶೇ 27ರಷ್ಟು ತಗ್ಗಿತು. ಆ ಲಾಭ ಕಂಡದ್ದು ಚಿಕಿತ್ಸೆ ಮುಂದುವರಿಸಿದವರಲ್ಲಿ ಮಾತ್ರ. ತಾವು ದಯವಿಟ್ಟು ಗಮನಿಸಬೇಕಾದದ್ದು ಈ ಕೊನೆಯ ಮಾತನ್ನು. ಅರ್ಧಕ್ಕೆ ನಿಂತ ಬಿಸಿಜಿ ಪೂರ್ತಿ ಬಿಸಿಜಿಯ ಫಲ ಕೊಡುವುದಿಲ್ಲ.

ಹಾಕುವ ಕ್ರಮ ಕಷ್ಟದ್ದಲ್ಲ, ಆದರೆ ಎಚ್ಚರ ಬೇಡುತ್ತದೆ. ರೋಗಿ ನಾಲ್ಕು ತಾಸು ನೀರು ಕಡಿಮೆ ಕುಡಿದು ಬಂದಿರಬೇಕು. ಮೂತ್ರದಲ್ಲಿ ಸೋಂಕಿಲ್ಲ, ರಕ್ತವಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತೇವೆ. ತೆಳುವಾದ ಕೊಳವೆ (ಕ್ಯಾತಿಟರ್) ಹಾಕಿ ಉಳಿದ ಮೂತ್ರವನ್ನು ಬಸಿಯುತ್ತೇವೆ. ಹಾಕುವಾಗ ಗಾಯವಾಗಿ ಒಂದು ಹನಿ ರಕ್ತ ಕಂಡರೂ ಅಂದಿನ ಡೋಸು ಮುಂದಕ್ಕೆ, ಏಕೆಂದರೆ ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಾರದು. ಬಿಳಿ ಪುಡಿಯನ್ನು 50 ಮಿಲಿ ಸಲೈನಿನಲ್ಲಿ ಕದಡಿ, ಒತ್ತದೆ, ತಾನಾಗಿ ಇಳಿಯಲು ಬಿಡುತ್ತೇವೆ. ಆಮೇಲೆ ಎರಡು ತಾಸು ರೋಗಿ ಮೂತ್ರ ಹಿಡಿದುಕೊಂಡಿರಬೇಕು. ಕಾಲು ಗಂಟೆಗೊಮ್ಮೆ ಎಡಕ್ಕೆ, ಬಲಕ್ಕೆ, ಬೋರಲು, ಅಂಗಾತ ಹೊರಳಿಸುತ್ತೇವೆ. "ಅಜ್ಜಾ, ಇನ್ನೊಂದೇ ಮಗ್ಗುಲು" ಎಂದು ಸಮಾಧಾನ ಹೇಳುತ್ತಾ ಗಡಿಯಾರ ನೋಡುತ್ತಿದ್ದದ್ದು ನನಗೆ ನಿತ್ಯದ ಕೆಲಸವಾಗಿತ್ತು.

ಔಷಧಿ ಏನು ಮಾಡುತ್ತದೆ ಎಂದು ಕೇಳುತ್ತಿದ್ದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ಹೊಲಕ್ಕೆ ಹಂದಿ ನುಗ್ಗಿದೆ ಎಂದು ಕೂಗು ಹಾಕಿದರೆ ಊರಿಗೆ ಊರೇ ಎದ್ದು ಬರುತ್ತದಲ್ಲ, ಇದು ಅಂಥ ಕೂಗು. ಬಿಸಿಜಿ ಮೂತ್ರಕೋಶದ ಒಳಗೋಡೆಗೆ ಅಂಟಿ ಕಣಗಳೊಳಗೆ ಸೇರುತ್ತದೆ. ಆ ಕಣಗಳು ಸಂಕೇತದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಹಲವು ಬಗೆಯ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಬಂದವು ಕ್ಷಯದ ಬ್ಯಾಕ್ಟೀರಿಯಾದ ಜೊತೆಗೆ ಅಳಿದುಳಿದ ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತವೆ. ಉರಿ, ಪದೇ ಪದೇ ಮೂತ್ರಕ್ಕೆ ಅವಸರ, ಒಂದೆರಡು ದಿನದ ಜ್ವರ, ಮೈಕೈ ನೋವು ಈ ಹೋರಾಟದ ಲಕ್ಷಣಗಳು. ಜ್ವರ ಹೆಚ್ಚಾಗಿ ಇಳಿಯದೇ ಹೋದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಬರಬೇಕು, ಏಕೆಂದರೆ ಅಪರೂಪಕ್ಕೆ ಬಿಸಿಜಿಯೇ ಮೈಗೆಲ್ಲ ಹರಡಿ ಕ್ಷಯದ ಔಷಧಿ ಕೊಡಬೇಕಾಗುತ್ತದೆ. ಈ ತೊಂದರೆಗಳಿಂದಾಗಿ ಎಲ್ಲರೂ 27 ಡೋಸು ಮುಗಿಸುವುದಿಲ್ಲ. ದೇಹ ತಾಳದೆ ನಿಲ್ಲಿಸಿದರೆ ಅದು ವೈದ್ಯರ ತೀರ್ಮಾನ. ಸೀಸೆ ಸಿಗದೆ ನಿಲ್ಲಿಸಿದರೆ ಅದಕ್ಕೆ ಹೊಣೆ ಯಾರು?

ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಲಾರಿ ಓಡಿಸುತ್ತಿದ್ದವರು, ಹಳೆಯ ವಿಜಯನಗರದ ಕಡೆಯ ಹಳ್ಳಿಯವರು, ದಿನಕ್ಕೆರಡು ಕಟ್ಟು ಬೀಡಿ ಸೇದುತ್ತಿದ್ದವರು. ಮೂತ್ರ ಕೆಂಪಾಗಿ ಹೋದಾಗ ಉಷ್ಣವೆಂದು ಎಳನೀರು, ಬಾರ್ಲಿ ನೀರು ಕುಡಿದರು. ನೋವಿರಲಿಲ್ಲ, ರಕ್ತ ತಾನಾಗಿಯೇ ನಿಂತಿತು, ಮರೆತರು. ಹೀಗೆ ಬಂದು ಬಂದು ನಿಲ್ಲುವುದೇ ಈ ರೋಗದ ಮೋಸ. ಗೆಡ್ಡೆ ತೆಗೆದು ಬಿಸಿಜಿ ಆರಂಭಿಸಿದೆವು. ನಾಲ್ಕನೆಯ ಡೋಸಿನ ಮುಂದಿನ ವಾರ ಅವರು ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ವಿಭಾಗದ ಮುಂದೆ ಕುಳಿತಿದ್ದರು. ಆಸ್ಪತ್ರೆಯ ಔಷಧಾಲಯದಲ್ಲಿ ಬಿಸಿಜಿ ಇರಲಿಲ್ಲ. ಹೊರಗಿನ ಮಳಿಗೆಗಳಲ್ಲಿ "ಸರಬರಾಜಿಲ್ಲ, ಮುಂದಿನ ವಾರ ವಿಚಾರಿಸಿ" ಎಂದರು. ಮುಂದಿನ ವಾರವೂ ಅದೇ ಉತ್ತರ. ಮಗ ಬೇರೆ ಊರಿನಲ್ಲಿ ಎಲ್ಲೋ ಹುಡುಕಿ ಒಂದು ಸೀಸೆ ತಂದ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದ ಮಂಜುಗಡ್ಡೆ ದಾರಿಯಲ್ಲೇ ಕರಗಿ ನೀರಾಗಿತ್ತು, ಸೀಸೆ ಬೆಚ್ಚಗಿತ್ತು. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಜೀವಂತ ಲಸಿಕೆ ಅದು. ಸಾಲ ಮಾಡಿ ತಂದದ್ದನ್ನು ಹಾಕುವಂತಿಲ್ಲ ಎಂದು ಹೇಳಬೇಕಾದ ಸ್ಥಿತಿ ನಮಗೆ ಬಂತು. ಆ ಹುಡುಗ ಜಗಳವಾಡಲಿಲ್ಲ. ಸೀಸೆಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ, "ಇದರ ಮೇಲೆ ಇನ್ನೂ ದಿನಾಂಕ ಇದೆಯಲ್ಲಾ ಸಿಸ್ಟರ್" ಎಂದ.

ಅವರ ಮುಂದಿನ ಡೋಸುಗಳು ಸಿಕ್ಕಿದಾಗ ಸಿಕ್ಕಿದವು. ಮೂರು ತಿಂಗಳ, ಆರು ತಿಂಗಳ ಸರದಿಗಳು ತಪ್ಪಿದವು. ಆಮೇಲೆ ದುರ್ಬೀನು ಹಾಕಿ ನೋಡಿದಾಗ ರೋಗ ಸ್ನಾಯುವಿಗೆ ಇಳಿದಿತ್ತು. ಮೂತ್ರಕೋಶವನ್ನೇ ತೆಗೆದು, ಸಣ್ಣಕರುಳಿನ ತುಂಡೊಂದರ ಮೂಲಕ ಹೊಟ್ಟೆಯ ಮೇಲೆ ರಂಧ್ರ ಮಾಡಿ ಚೀಲ ಅಂಟಿಸಬೇಕಾಯಿತು. ಡೋಸು ತಪ್ಪಿದ್ದರಿಂದಲೇ ಹೀಗಾಯಿತು ಎಂದು ಒಬ್ಬ ರೋಗಿಯ ಮಟ್ಟಿಗೆ ಯಾರೂ ಪ್ರಮಾಣ ಮಾಡಿ ಹೇಳಲಾರರು; ಪೂರ್ತಿ ಚಿಕಿತ್ಸೆ ಪಡೆದವರಲ್ಲೂ ಕೆಲವರಿಗೆ ಹೀಗಾಗುತ್ತದೆ. ಆದರೆ ಸರಿಯಾದ ಚಿಕಿತ್ಸೆಯ ಅವಕಾಶವೇ ಅವರಿಗೆ ದಕ್ಕಲಿಲ್ಲ ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಚೀಲ ಸೋರುತ್ತದೆಂಬ ಭಯಕ್ಕೆ ಅವರು ಮೊಮ್ಮಗಳ ಮದುವೆಯ ಚಪ್ಪರದೊಳಗೆ ಹೋಗದೆ ಹೊರಗೇ ಕುಳಿತಿದ್ದರಂತೆ.

ಸಿಕ್ಕಿದ ದಿನವೂ ತಾಪತ್ರಯ ತಪ್ಪುವುದಿಲ್ಲ. ಡೋಸು ಹಾಕಿಸಿಕೊಂಡ ಮೇಲೆ ಆರು ತಾಸಿನವರೆಗೆ ಮೂತ್ರದಲ್ಲಿ ಜೀವಂತ ಬ್ಯಾಕ್ಟೀರಿಯಾ ಹೊರಬರುತ್ತದೆ. ಗಂಡಸರೂ ಕುಳಿತೇ ಮೂತ್ರ ಮಾಡಬೇಕು, ಶೌಚದ ಗುಂಡಿಗೆ ಬ್ಲೀಚಿಂಗ್ ದ್ರಾವಣ ಸುರಿದು ಕಾಲು ಗಂಟೆ ಬಿಟ್ಟು ನೀರು ಹಾಕಬೇಕು ಎಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆವು. ಆದರೆ ಅವರು ನೇರವಾಗಿ ಹೋಗುವುದು ಬಸ್ ನಿಲ್ದಾಣಕ್ಕೆ. ಎಂಟು ಹತ್ತು ತಾಸಿನ ಪ್ರಯಾಣ, ಹದಿನೈದು ನಿಮಿಷಕ್ಕೊಮ್ಮೆ ತಡೆಯಲಾಗದ ಉರಿ. ಎಪ್ಪತ್ತರ ವೃದ್ಧರು ಕಂಡಕ್ಟರನ ಮುಂದೆ ಕೈಮುಗಿದು ಬಸ್ ನಿಲ್ಲಿಸಿ ರಸ್ತೆಬದಿಗೆ ಇಳಿಯುತ್ತಾರೆ. ಹೆಂಗಸರ ಪಾಡನ್ನು ನಾನು ವಿವರಿಸಬೇಕಾಗಿಲ್ಲ. ಇದನ್ನು ತಪ್ಪಿಸಲು ಕೆಲವರು ಲಾಡ್ಜಿನಲ್ಲಿ ಉಳಿಯುತ್ತಾರೆ. ಅದಕ್ಕೂ ದುಡ್ಡಿಲ್ಲದವರು ಮುಂದಿನ ವಾರ ಬರುವುದನ್ನೇ ಬಿಡುತ್ತಾರೆ. ಆಸ್ಪತ್ರೆಯ ದಾಖಲೆಯಲ್ಲಿ ಅವರ ಹೆಸರಿನ ಮುಂದೆ "ಬಂದಿಲ್ಲ" ಎಂದು ಬರೆಯಲಾಗುತ್ತದೆ.

ಮಾನ್ಯರೇ, ಕೊರತೆ ನಮ್ಮ ರಾಜ್ಯದ್ದು ಮಾತ್ರವಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅದು ನಿಜ. ಕೆನಡಾದ ಟೊರಾಂಟೊದಲ್ಲಿದ್ದ ಸನೋಫಿ ಕಂಪನಿಯ ಬಿಸಿಜಿ ಘಟಕದಲ್ಲಿ ನೀರು ನುಗ್ಗಿದ ಬಳಿಕ 2012ರಲ್ಲಿ ತಯಾರಿಕೆ ನಿಂತಿತು; ಕೆಲ ವರ್ಷಗಳ ಮೇಲೆ ಕಂಪನಿ ಈ ವ್ಯವಹಾರದಿಂದಲೇ ಕೈತೊಳೆದುಕೊಂಡಿತು. ಅಮೆರಿಕ ಒಂದೇ ಕಂಪನಿಯ ಮೇಲೆ ನಿಲ್ಲಬೇಕಾಗಿ ಬಂದು, ಅಲ್ಲಿನ ಮೂತ್ರರೋಗ ತಜ್ಞರ ಸಂಘ ಇರುವ ಡೋಸನ್ನೇ ಭಾಗ ಮಾಡಿ ಕೊಡಿ ಎಂದು 2019ರಲ್ಲಿ ಸಲಹೆ ಕೊಟ್ಟಿತು. ಬಿಸಿಜಿ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥದ್ದು, ಅವಸರಪಡಿಸಲಾಗುವುದಿಲ್ಲ. ಬೆಲೆ ಕಡಿಮೆ, ಲಾಭ ಕಡಿಮೆ. ಆದ್ದರಿಂದಲೇ ತಯಾರಕರೂ ಕಡಿಮೆ.

ಆದರೆ ಭಾರತದ ಸ್ಥಿತಿ ಬೇರೆ. ಮೂತ್ರಕೋಶಕ್ಕೆಂದೇ ಮಾಡಿದ ಬಿಸಿಜಿ ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾಗುತ್ತದೆ. ನಮ್ಮ ಪಕ್ಕದ ಚೆನ್ನೈನ ಗಿಂಡಿಯಲ್ಲಿ 1948ರಿಂದ ಕೇಂದ್ರ ಸರ್ಕಾರದ್ದೇ ಬಿಸಿಜಿ ಲಸಿಕಾ ಪ್ರಯೋಗಾಲಯವಿದೆ. ಅಲ್ಲಿನ ಡ್ಯಾನಿಷ್ 1331 ತಳಿಯನ್ನು ಭಾರತದ ವೈದ್ಯರು ಮೂತ್ರಕೋಶದ ಕ್ಯಾನ್ಸರಿಗೆ ಬಳಸಿ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. 2008ರ ಜನವರಿಯಲ್ಲಿ ಗಿಂಡಿ, ಕೂನೂರು, ಕಸೌಲಿಗಳ ಮೂರೂ ಸರ್ಕಾರಿ ಲಸಿಕಾ ಘಟಕಗಳ ಪರವಾನಗಿಯನ್ನು ಅಮಾನತು ಮಾಡಿ, 2010ರಲ್ಲಿ ಮತ್ತೆ ಕೊಟ್ಟದ್ದು ತಮಗೆ ನೆನಪಿರಬಹುದು. ಒಂದು ಘಟಕ ಬಾಗಿಲು ಹಾಕಿದರೆ ದೇಶದ ಗತಿ ಏನಾಗುತ್ತದೆ ಎಂದು ಅಂದೇ ಕಂಡಿದ್ದೇವೆ. ಕರ್ನಾಟಕ, ತಮಿಳುನಾಡು, ಕೇರಳ ಸೇರಿ ತಮ್ಮ ವರ್ಷದ ಅಗತ್ಯವನ್ನು ಲೆಕ್ಕ ಹಾಕಿ ಕೇಂದ್ರಕ್ಕೆ ಕೊಟ್ಟು, ಗಿಂಡಿಯಲ್ಲಿ ಈ ಚಿಕಿತ್ಸೆಯ ಬಿಸಿಜಿಯನ್ನೂ ನಿಯಮಿತವಾಗಿ ತಯಾರಿಸಿ ಎಂದು ಒತ್ತಾಯಿಸಿದರೆ ಅದು ಅನ್ಯಾಯದ ಬೇಡಿಕೆಯಾಗುವುದಿಲ್ಲ. ಈ ಮಾತನ್ನು ತಾವು ಆಡಬೇಕೆಂಬುದು ನನ್ನ ಮೊದಲ ವಿನಂತಿ.

ಎರಡನೆಯದು ರಾಜ್ಯದ ಕೈಯಲ್ಲೇ ಇರುವುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಚಿಕಿತ್ಸೆಯ ಹೆಸರು ಪಟ್ಟಿಯಲ್ಲಿರುವುದು ಬೇರೆ, ಸರದಿಯ ದಿನ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಸೀಸೆ ಇರುವುದು ಬೇರೆ. ಈ ರೋಗದಲ್ಲಿ ಅಗತ್ಯವನ್ನು ಮೊದಲೇ ಲೆಕ್ಕ ಹಾಕಲು ಬರುತ್ತದೆ. ಇಂದು ಚಿಕಿತ್ಸೆ ಆರಂಭಿಸಿದ ರೋಗಿಗೆ ಮುಂದಿನ ಮೂರು ವರ್ಷದ ಯಾವ ಯಾವ ತಿಂಗಳು ಎಷ್ಟು ಸೀಸೆ ಬೇಕೆಂದು ಇಂದೇ ಬರೆದಿಡಬಹುದು. ಹಾಗಿರುವಾಗ ಆರು ಡೋಸು ಕೈಯಲ್ಲಿಲ್ಲದೆ ಯಾರಿಗೂ ಚಿಕಿತ್ಸೆ ಆರಂಭಿಸಬಾರದು. ಆರಂಭಿಸಿದವರ ಹೆಸರಿನಲ್ಲಿ ಮುಂದಿನ ಡೋಸುಗಳನ್ನು ಕಾದಿರಿಸಬೇಕು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ವರ್ಷದ ದರ ಒಪ್ಪಂದ ಮಾಡಿಕೊಂಡು, ಕನಿಷ್ಠ ಮೂರು ತಿಂಗಳ ದಾಸ್ತಾನು ಇಟ್ಟುಕೊಳ್ಳಲಿ. ಯಾವ ಆಸ್ಪತ್ರೆಯಲ್ಲಿ ಎಷ್ಟಿದೆ ಎಂಬುದು 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿದರೆ ತಿಳಿಯುವಂತಾಗಲಿ. ರಾತ್ರಿ ಬಸ್ಸು ಹತ್ತುವ ಮೊದಲು ಆ ಉತ್ತರ ಸಿಕ್ಕಿದರೆ ಎಷ್ಟೋ ಜನರ ಒಂದು ದಿನದ ಕೂಲಿ ಉಳಿಯುತ್ತದೆ.

ತಣ್ಣಗಿಡುವ ವ್ಯವಸ್ಥೆ ಇಲ್ಲವೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗುರುವಾರ ಬಂತೆಂದರೆ ಆಶಾ ಕಾರ್ಯಕರ್ತೆ ನೀಲಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಅಂಗನವಾಡಿಗೆ ಬರುವುದನ್ನು ನೋಡದ ಊರು ನಮ್ಮಲ್ಲಿಲ್ಲ. ಆ ಪೆಟ್ಟಿಗೆಯಲ್ಲಿ, ಸರಿಯಾದ ತಣ್ಣಗಿನಲ್ಲಿ, ಮಕ್ಕಳ ಬಿಸಿಜಿ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಲ ಪೆಟ್ಟಿಗೆಯವರೆಗೆ ಈ ಸರಪಳಿಯನ್ನು ನಮ್ಮ ಇಲಾಖೆ ದಶಕಗಳ ಶ್ರಮದಿಂದ ಕಟ್ಟಿದೆ. ಹಸುಗೂಸಿನ ತೋಳಿಗೆ ಹಾಕುವ ಡೋಸೇ ಬೇರೆ, ಮೂತ್ರಕೋಶದ ಡೋಸು ಅದಕ್ಕಿಂತ ಬಹಳ ದೊಡ್ಡದು, ಒಂದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಆದರೆ ಇಡುವ ತಾಪಮಾನ ಒಂದೇ, ಸಾಗಿಸುವ ಬಗೆ ಒಂದೇ. ಆ ದಾರಿಯಲ್ಲೇ ಇದನ್ನೂ ಜಿಲ್ಲಾ ಆಸ್ಪತ್ರೆಗೆ ತಲುಪಿಸಬಹುದು.

ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು 2025ರಲ್ಲಿ ಸರ್ಕಾರ ಆರಂಭಿಸಿದಾಗ ಬಹಳ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಬಿಸಿಜಿಯನ್ನೂ ಅಲ್ಲಿಗೆ ತನ್ನಿ ಎಂಬುದು ನನ್ನ ಮೂರನೆಯ ವಿನಂತಿ. ಗೆಡ್ಡೆ ತೆಗೆಯುವುದು, ದುರ್ಬೀನಿನ ಪರೀಕ್ಷೆ, ಬಯಾಪ್ಸಿ ದೊಡ್ಡ ಆಸ್ಪತ್ರೆಯಲ್ಲೇ ನಡೆಯಲಿ. ವಾರ ವಾರದ ಡೋಸು ಹಾಕಲು ಕ್ಯಾತಿಟರ್ ಹಾಕಬಲ್ಲ ತರಬೇತಾದ ಶುಶ್ರೂಷಾಧಿಕಾರಿ, ಮಲಗಲು ಮಂಚ, ಪಕ್ಕದಲ್ಲೇ ಶೌಚಾಲಯ, ತೊಂದರೆಯಾದರೆ ನೋಡಿಕೊಳ್ಳಲು ಶಸ್ತ್ರವೈದ್ಯರು ಸಾಕು. ಒಂದು ಎಚ್ಚರಿಕೆ ಮಾತ್ರ ಬಹಳ ಮುಖ್ಯ: ಕಿಮೊಥೆರಪಿ ಔಷಧಿ ಬೆರೆಸುವ ಜಾಗದಲ್ಲಿ ಬಿಸಿಜಿ ಬೆರೆಸಲೇಬಾರದು. ಕಿಮೊ ಪಡೆಯುವವರ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಜೀವಂತ ಬ್ಯಾಕ್ಟೀರಿಯಾದ ಸಣ್ಣ ಸೋಂಕೂ ಅವರಿಗೆ ಅಪಾಯ. ಬೇರೆ ಕೋಣೆ, ಬೇರೆ ದಿನ ಇರಲಿ. ಇದನ್ನು ಆದೇಶದಲ್ಲೇ ಬರೆಯಬೇಕು, ಏಕೆಂದರೆ ಕೆಲಸದ ಒತ್ತಡದಲ್ಲಿ ಇಂಥವು ಮೊದಲು ಮರೆತುಹೋಗುತ್ತವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೆಗಳು ವೈದ್ಯಕೀಯ ಶಿಕ್ಷಣ ಇಲಾಖೆಯಡಿ ಬರುತ್ತವೆ, ಜಿಲ್ಲಾ ಆಸ್ಪತ್ರೆಗಳು ತಮ್ಮಡಿ ಇವೆ. ರೋಗಿಯ ಕಡತ ಈ ಎರಡು ಇಲಾಖೆಗಳ ನಡುವೆ ಸಿಕ್ಕಿಕೊಳ್ಳದಂತೆ ತಾವಿಬ್ಬರು ಸಚಿವರು ಕುಳಿತು ಒಂದು ಜಂಟಿ ಆದೇಶ ಹೊರಡಿಸಬೇಕು. ಅಗತ್ಯವಿದ್ದರೆ ಜಿಲ್ಲೆಯ ಶುಶ್ರೂಷಾಧಿಕಾರಿಗಳಿಗೆ ಹೇಳಿಕೊಡಲು ನನ್ನಂಥ ನಿವೃತ್ತರು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ.

ಇನ್ನು ನನ್ನ ಮನಸ್ಸನ್ನು ಹೆಚ್ಚು ಕೆರಳಿಸಿದ ಸಂಗತಿ. ಒಂದು ಕುಟುಂಬ ಜಮೀನು ಅಡವಿಟ್ಟು, ನಗರದ ಒಂದು ಖಾಸಗಿ ಕೇಂದ್ರದಲ್ಲಿ "ನಿಮ್ಮದೇ ರಕ್ತದಿಂದ ಮಾಡಿದ ಕ್ಯಾನ್ಸರ್ ಲಸಿಕೆ"ಗೆ ಹಣ ಕಟ್ಟಿತ್ತು. ಕಾಗದಗಳನ್ನು ನನಗೆ ತಂದು ತೋರಿಸಿದರು. ಬಣ್ಣದ ಕರಪತ್ರದ ತುಂಬ ಅಡ್ಡಪರಿಣಾಮವಿಲ್ಲ, ಯಾವ ಹಂತದ ಕ್ಯಾನ್ಸರಿಗೂ ಆಗುತ್ತದೆ ಎಂಬ ಭರವಸೆಗಳು. ಯಾವ ಪ್ರಯೋಗದಲ್ಲಿ, ಎಷ್ಟು ರೋಗಿಗಳಲ್ಲಿ, ಏನು ಫಲ ಕಂಡಿತು ಎಂಬ ಒಂದು ಸಾಲೂ ಇಲ್ಲ. ರೋಗಿಯದೇ ರಕ್ತಕಣಗಳಿಂದ ಮಾಡುವ ಲಸಿಕೆ ಎಂಬುದು ಸುಳ್ಳಿನ ಕಲ್ಪನೆಯಲ್ಲ. ಸಿಪುಲ್ಯೂಸೆಲ್-ಟಿ ಎಂಬ ಅಂಥ ಲಸಿಕೆಗೆ, ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗಾಗಿ, 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಬೆಲೆ 93,000 ಡಾಲರ್, ಅಂದಿನ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೂ ಮೇಲೆ. ಪ್ರಯೋಗದಲ್ಲಿ ಅದು ಕೊಟ್ಟದ್ದು ಸರಾಸರಿ ನಾಲ್ಕು ತಿಂಗಳ ಹೆಚ್ಚಿನ ಆಯುಸ್ಸು. ಅಷ್ಟು ದೊಡ್ಡ ಪ್ರಯೋಗದಲ್ಲಿ ಗೆದ್ದದ್ದೂ ಕೊಟ್ಟದ್ದು ಇಷ್ಟು ಎಂದಾದರೆ, ಪ್ರಯೋಗವನ್ನೇ ನಡೆಸದವರು ಎಲ್ಲ ಕ್ಯಾನ್ಸರಿಗೂ ಮಾತು ಕೊಡುವುದನ್ನು ಸರ್ಕಾರ ನೋಡಿಕೊಂಡು ಸುಮ್ಮನಿರಬಾರದು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ನೋಂದಾಯಿಸುವ, ತಪಾಸಣೆ ಮಾಡುವ 2007ರ ನಮ್ಮದೇ ಕಾನೂನಿದೆ. ಈ ಎರಡನ್ನೂ ಬಳಸಿ ಇಂಥ ಕೇಂದ್ರಗಳ ತಪಾಸಣೆ ಮಾಡಿಸಬೇಕು ಎಂದು ಕಟ್ಟುನಿಟ್ಟಾಗಿ ಕೇಳುತ್ತೇನೆ.

ಹೊಸ ಲಸಿಕೆಗಳ ಬಗ್ಗೆ ನನಗೆ ಅವಿಶ್ವಾಸವಿಲ್ಲ, ಬಹಳ ಆಸೆಯಿದೆ. ಮೊಡೆರ್ನಾ ಮತ್ತು ಮರ್ಕ್ ಕಂಪನಿಗಳ ಎಂಆರ್‌ಎನ್‌ಎ ಲಸಿಕೆಯಲ್ಲಿ ಪ್ರತಿ ರೋಗಿಯ ಗೆಡ್ಡೆಯನ್ನೇ ಓದಿ, ಅದರ 34ರವರೆಗಿನ ಗುರುತುಗಳನ್ನು ಆ ರೋಗಿಯ ದೇಹಕ್ಕೇ ಕಲಿಸುತ್ತಾರೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 157 ರೋಗಿಗಳ ಪ್ರಯೋಗದಲ್ಲಿ, ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಇಮ್ಯುನೊಥೆರಪಿ ಔಷಧಿಯೊಂದಿಗೆ ಈ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ 44ರಷ್ಟು ಕಡಿಮೆಯಾಯಿತು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನ 16 ರೋಗಿಗಳಿಗೆ ನ್ಯೂಯಾರ್ಕಿನಲ್ಲಿ ಇಂಥದೇ ಲಸಿಕೆ ಕೊಟ್ಟಾಗ ಎಂಟು ಮಂದಿಯ ದೇಹ ಸ್ಪಂದಿಸಿತು ಎಂದು 2023ರಲ್ಲಿ ವರದಿಯಾಯಿತು. ಸಂಖ್ಯೆ ಚಿಕ್ಕದು, ದಾರಿ ಉದ್ದವಿದೆ. ಇಂಗ್ಲೆಂಡ್ ಸರ್ಕಾರಿ ಆಸ್ಪತ್ರೆಗಳ ರೋಗಿಗಳನ್ನು ಇಂಥ ಪ್ರಯೋಗಗಳಿಗೆ ಸೇರಿಸಲು ಒಂದು ವ್ಯವಸ್ಥೆಯನ್ನೇ ಮಾಡಿಕೊಂಡಿದೆ. ಬೆಂಗಳೂರಿನಲ್ಲಿ ಜೈವಿಕ ತಂತ್ರಜ್ಞಾನದ ಕಂಪನಿಗಳಿವೆ, 1973ರಿಂದ ಕಿದ್ವಾಯಿ ಇದೆ. ನಮ್ಮ ರೋಗಿಗಳೂ ಮುಂದೊಂದು ದಿನ ಅಂಥ ಪ್ರಯೋಗಗಳಲ್ಲಿ ಸರಿಯಾದ ತಿಳಿವಳಿಕೆಯೊಂದಿಗೆ, ಹಣ ಕೊಡದೆ ಸೇರುವಂತಾಗಲಿ. ಆದರೆ ವ್ಯಕ್ತಿಗೊಂದರಂತೆ ಮಾಡುವ, ಅತಿ ಶೀತದಲ್ಲಿ ಸಾಗಿಸಬೇಕಾದ ಲಸಿಕೆಯನ್ನು ನಾಳೆ ಹಳ್ಳಿಯ ರೋಗಿಗೆ ತಲುಪಿಸುವವರು ಇಂದು ಒಂದು ಸೀಸೆ ಬಿಸಿಜಿಯನ್ನು ತಪ್ಪದೆ ತಲುಪಿಸಲು ಕಲಿತಿರಬೇಕಾಗುತ್ತದೆ. ಬಿಸಿಜಿಗೆ ಜಗ್ಗದ ರೋಗಕ್ಕೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎನ್-803 ಎಂಬ ಹೊಸ ಔಷಧಿಯನ್ನು ಕೊಡುವುದೂ ಬಿಸಿಜಿಯ ಜೊತೆಗೇ.

ಕೊನೆಯ ವಿನಂತಿ ಖರ್ಚಿಲ್ಲದ್ದು. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಒಂದು ಮಾತು ಸೇರಿಸಿ: ನಲವತ್ತು ದಾಟಿದವರ ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತಿದ್ದರೂ, ಉಷ್ಣವೆಂದು ಬಿಡದೆ ಆಸ್ಪತ್ರೆಗೆ ಕಳುಹಿಸಬೇಕು. ಬೀಡಿ, ಸಿಗರೇಟು ಸೇದುವವರಾದರೆ ಇನ್ನೂ ಬೇಗ. ಆ ವಿಷ ರಕ್ತದಿಂದ ಸೋಸಿ ಬಂದು ತಾಸುಗಟ್ಟಲೆ ನಿಲ್ಲುವುದು ಮೂತ್ರಕೋಶದಲ್ಲೇ ಎಂಬುದು ನಮ್ಮ ಜನಕ್ಕೆ ಗೊತ್ತಿಲ್ಲ. ಬಿಸಿಜಿ ಫಲ ಕೊಡುವುದು ರೋಗ ಒಳಪೊರೆಯಲ್ಲಿರುವಾಗ; ಸ್ನಾಯುವಿಗೆ ಇಳಿದ ಮೇಲೆ ಅದರಿಂದ ಪ್ರಯೋಜನವಿಲ್ಲ.

ಮುಂದಿನ ವರ್ಷದ ಔಷಧಿ ಖರೀದಿಯ ಪಟ್ಟಿ ಅಂತಿಮವಾಗುವ ಮುನ್ನ, ರಾಜ್ಯದ ಎಲ್ಲ ಮೂತ್ರರೋಗ ವಿಭಾಗಗಳಿಂದ ಬಿಸಿಜಿ ಪಡೆಯುತ್ತಿರುವ ರೋಗಿಗಳ ಸಂಖ್ಯೆ, ಅವರಿಗೆ ತಪ್ಪಿದ ಡೋಸುಗಳ ಸಂಖ್ಯೆ, ತಪ್ಪಲು ಕಾರಣ, ಈ ಮೂರನ್ನು ತರಿಸಿಕೊಂಡು ಪ್ರಕಟಿಸಬೇಕೆಂದು ಕೋರುತ್ತೇನೆ. "ಬಂದಿಲ್ಲ" ಎಂದು ಬರೆದಿರುವ ಹೆಸರುಗಳ ಮುಂದೆ ಏಕೆ ಬಂದಿಲ್ಲ ಎಂದೂ ಬರೆಸಿ. ತಮ್ಮ ಉತ್ತರವನ್ನು ನನಗೊಬ್ಬಳಿಗೆ ಕಳುಹಿಸದೆ ಪತ್ರಿಕೆಗಳ ಮೂಲಕ ರೋಗಿಗಳ ಮನೆಯವರಿಗೆಲ್ಲ ತಿಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ, ಮೂತ್ರರೋಗ ವಿಭಾಗ